ಹೊರೆಯ ಅಡಿಯಲ್ಲಿ ನಿಂತವರು

೧

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ನಮ್ಮ ಮಲೆನಾಡಿನಲ್ಲಿ ಮಠದಲ್ಲೂ ಹೇಳುತ್ತಾರೆ, ಇಗರ್ಜಿಯಲ್ಲೂ ಹೇಳುತ್ತಾರೆ, ಅಡಕೆ ತೋಟದ ಒಡೆಯನೂ ಹೇಳುತ್ತಾನೆ. ಮೂವರ ಬಾಯಲ್ಲೂ ಒಂದೇ ಮಾತು. ಹಾಗಂತ ಮೂವರೂ ಒಂದೇ ಅರ್ಥದಲ್ಲಿ ಹೇಳುತ್ತಾರೆ ಅಂತ ತಿಳಿಯಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕ್ರೈಸ್ತ ಚರಿತ್ರೆಯನ್ನು ಓದಲು ಕೂತಾಗ ನನಗೆ ಮೊದಲು ಎದುರಾದ ಪ್ರಶ್ನೆ ಇದೇ: ತಾಳ್ಮೆ ಯಾರ ಗುಣ? ಯಾರು ಅದನ್ನು ಯಾರಿಗೆ ಬೋಧಿಸಿದರು?

ದಲಿತ ವಿಮರ್ಶೆ ಸಿಟ್ಟಿನ ಬಗ್ಗೆ ಸಾಕಷ್ಟು ಮಾತಾಡಿದೆ. ತಾಳ್ಮೆಯನ್ನು ಮಾತ್ರ ಗುಲಾಮಗಿರಿಯ ಇನ್ನೊಂದು ಹೆಸರೆಂದು ಪಕ್ಕಕ್ಕೆ ಸರಿಸಿದೆ. ಸರಿಸಿದ್ದಕ್ಕೆ ಕಾರಣಗಳೂ ಇವೆ. ಆದರೆ ನಮ್ಮ ಹಿರಿಯರು ಬದುಕಿ ಉಳಿದದ್ದು ಬರೀ ಸಿಟ್ಟಿನಿಂದಲ್ಲ. ಅವರ ಬಾಳಿನ ಅರ್ಧ ಭಾಗವನ್ನು ಒಡೆಯನ ವ್ಯಾಖ್ಯಾನಕ್ಕೆ ಬಿಟ್ಟುಕೊಟ್ಟು ಉಳಿದರ್ಧದ ಮೇಲೆ ಚರಿತ್ರೆ ಕಟ್ಟಿದರೆ ಅದು ನಮ್ಮ ಚರಿತ್ರೆ ಹೇಗಾದೀತು?

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಕನ್ನಡದವರು ‘ತಾಳ್ಮೆ’, ‘ಸೈರಣೆ’ ಎಂದು ಓದುವ ಕಡೆ ಮೂಲ ಗ್ರೀಕಿನಲ್ಲಿ ಹಲವು ಸಲ ಇರುವ ಪದ ‘ಹುಪೊಮೊನೆ’. ಬಿಡಿಸಿದರೆ ‘ಅಡಿಯಲ್ಲಿ ನಿಂತಿರುವುದು’ ಎಂದಾಗುತ್ತದೆ. ಹೊರೆಯ ಕೆಳಗೆ ಕುಸಿಯದೆ ನಿಲ್ಲುವುದು. ಕಷ್ಟ ತಾಳ್ಮೆಯನ್ನು ಹುಟ್ಟಿಸುತ್ತದೆ, ತಾಳ್ಮೆಯಿಂದಲೇ ಕೊನೆಗೆ ನಿರೀಕ್ಷೆ ಹುಟ್ಟುತ್ತದೆ ಎಂಬ ಅರ್ಥದ ಮಾತನ್ನು ಪೌಲ ರೋಮಾಪುರದವರಿಗೆ ಬರೆದ. ಬರೆದವನು ಏಟು ತಿಂದವನು, ಸೆರೆಮನೆ ಕಂಡವನು. ಓದಿಸಿಕೊಂಡವರು ಸಾಮ್ರಾಜ್ಯದ ಕಣ್ಣಿಗೆ ಬೀಳದಂತೆ ಸೇರುತ್ತಿದ್ದ ಸಣ್ಣ ಗುಂಪು. ಇದು ಹೊರೆ ಹೊತ್ತವನು ಹೊರೆ ಹೊತ್ತವನಿಗೆ ಹೇಳಿದ ಮಾತು. ಅದೇ ಮಾತನ್ನು ಹೊರಿಸಿದವನು ಹೇಳಿದಾಗ ಅದರ ಅರ್ಥ ತಿರುವು ಮುರುವಾಗುತ್ತದೆ. ಈ ತಿರುವು ಬೈಬಲಿನ ಒಳಗೇ ಇದೆ ಎಂಬುದನ್ನೂ ಮುಚ್ಚಿಡಬಾರದು. ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಎಂಬ ಉಪದೇಶ ಅದೇ ಪತ್ರಗಳ ಸಾಲಿನಲ್ಲಿದೆ. ಓಡಿಹೋದ ದಾಸನೆಂದು ಪರಂಪರೆ ಹೇಳುವ ಒನೇಸಿಮನನ್ನು ಪೌಲ ಅವನ ಒಡೆಯ ಫಿಲೆಮೋನನ ಬಳಿಗೇ ಕಳಿಸಿದ. ದಾಸನಂತೆ ಅಲ್ಲ, ತಮ್ಮನಂತೆ ಬರಮಾಡಿಕೋ ಎಂದು ಕೇಳಿಕೊಂಡ, ನಿಜ. ಆದರೂ ಕಳಿಸಿದ. ಈ ಒನೇಸಿಮನನ್ನು ನೆನಪಿಟ್ಟುಕೊಂಡು ನಾವು ತೀರ್ಥಹಳ್ಳಿಯ ಕಾಡಿಗೆ ಬರಬೇಕು.

೨

ಈ ಸೀಮೆಯ ಕ್ರೈಸ್ತ ಚರಿತ್ರೆ ಇದುವರೆಗೆ ರಾಯಭಾರಿಗಳ, ರಾಜರ, ಒಪ್ಪಂದಗಳ ಚರಿತ್ರೆಯಾಗಿದೆ. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ, ವೆಂಕಟಪ್ಪ ನಾಯಕನ ಆಸ್ಥಾನ ಕಂಡ. ವಿಷಯ ಮೆಣಸಿನ ವ್ಯಾಪಾರ. ಶಿವಪ್ಪ ನಾಯಕ ಕರಾವಳಿಯ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಆಮೇಲಿನ ಕೆಳದಿ ಅರಸರು ೧೬೭೧ ಮತ್ತು ೧೬೭೮ರಲ್ಲಿ ಅವರೊಂದಿಗೇ ಒಪ್ಪಂದ ಮಾಡಿಕೊಂಡರು, ಕರಾವಳಿಯಲ್ಲಿ ಇಗರ್ಜಿ ಕಟ್ಟಲು ಒಪ್ಪಿಗೆ ಕೊಟ್ಟರು. ೧೭೬೩ರಲ್ಲಿ ಹೈದರಾಲಿ ಬಿದನೂರು ಗೆದ್ದ. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಆ ಬಿದನೂರು. ೧೭೮೪ರಲ್ಲಿ ಟಿಪ್ಪು ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ.

ಈ ಕೊನೆಯ ಘಟನೆ ಕರ್ನಾಟಕದ ಕ್ರೈಸ್ತರ ತಾಳ್ಮೆಯ ದೊಡ್ಡ ಕಥೆ. ಸಾವಿರಾರು ಜನ ದಾರಿಯಲ್ಲಿ ಸತ್ತರು, ಉಳಿದವರು ೧೭೯೯ರ ನಂತರ ಊರಿಗೆ ಮರಳಿ ಮತ್ತೆ ಇಗರ್ಜಿ ಕಟ್ಟಿಕೊಂಡರು. ಆ ನೋವನ್ನು ಕಡಿಮೆ ಮಾಡಿ ಹೇಳುವ ಹಕ್ಕು ನನಗಿಲ್ಲ. ಆದರೆ ಒಂದನ್ನು ಕೇಳಲೇಬೇಕು. ಮತ ಬದಲಾದ ಮೇಲೂ ಬಾಮೊಣ, ಚಾರೊಡಿ, ಸುದಿರ ಎಂಬ ಜಾತಿಗಳನ್ನು ಜೋಪಾನ ಮಾಡಿಕೊಂಡ ಸಮುದಾಯದ ನೆನಪು ಅದು. ಅವರಿಗೆ ಬರೆಯಲು ಗುರುಗಳಿದ್ದರು, ದಾಖಲೆ ಇತ್ತು, ಹೇಳಲು ಮನೆತನಗಳಿದ್ದವು. ದೆಲ್ಲಾ ವಾಲೆಯ ಕಾಲದಲ್ಲಿ ಘಟ್ಟದ ಕೆಳಗೆ ಇಳಿದ ಮೆಣಸನ್ನು ಬೆಳೆದ ತೋಟಗಳಲ್ಲಿ ಮಣ್ಣು ಹೊತ್ತವರಿಗೆ ಇದಾವುದೂ ಇರಲಿಲ್ಲ. ಮೆಣಸಿನ ಲೆಕ್ಕ ಉಳಿದಿದೆ, ಹೊತ್ತವರ ಲೆಕ್ಕ ಉಳಿದಿಲ್ಲ. ತಾಳ್ಮೆ ಚರಿತ್ರೆಯಾಗಬೇಕಾದರೂ ಒಂದು ಮಟ್ಟದ ಯಜಮಾನಿಕೆ ಬೇಕಾಗುತ್ತದೆ ಎಂಬುದು ಇದರಿಂದ ಗೊತ್ತಾಗುವ ಸತ್ಯ.

೩

ಬಿ.ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರಿನಲ್ಲಿ ಮಲೆನಾಡಿನ ಹೊಲೆಯರ ಬಗ್ಗೆ ಎರಡು ಪದಗಳಿವೆ: ‘ಹುಟ್ಟಾಳು’ ಮತ್ತು ‘ಮಣ್ಣಾಳು’. ಹುಟ್ಟಾಳು ಅಂದರೆ ಒಡೆಯನ ಮನೆಗೆ ಹುಟ್ಟಿನಿಂದಲೇ ಸೇರಿದವನು. ಮಣ್ಣಾಳು ಅಂದರೆ ಮಣ್ಣಿಗೆ ಅಂಟಿಕೊಂಡವನು, ಜಮೀನು ಕೈ ಬದಲಾಯಿಸಿದರೆ ಅದರ ಜೊತೆ ತಾನೂ ಕೈ ಬದಲಾಯಿಸುವವನು. ಈ ಎರಡು ಪದಗಳ ಎದುರು ‘ತಾಳ್ಮೆ’ ಎಂಬ ಪದವನ್ನು ಇಟ್ಟು ನೋಡಿ. ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದವನು ಅಲ್ಲೇ ಉಳಿದರೆ ಅದನ್ನು ತಾಳ್ಮೆ ಎನ್ನಬಹುದೇ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಈ ಪ್ರಶ್ನೆಗೆ ನಮ್ಮಲ್ಲಿರುವ ಅತ್ಯಂತ ಹತ್ತಿರದ ಪಠ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆ. ತೀರ್ಥಹಳ್ಳಿಯ ಮಿಷನ್ನಿನ ಪಾದ್ರಿ ಜೀವರತ್ನಯ್ಯ ಬೈಸಿಕಲ್ಲಿನ ಬೆರಗನ್ನೂ ಹೊಸ ಮತವನ್ನೂ ಒಟ್ಟಿಗೇ ಹೊತ್ತು ತಿರುಗುತ್ತಾನೆ. ಅವನ ಕಣ್ಣು ಬಿದ್ದದ್ದು ಬೆಟ್ಟಳ್ಳಿಯ ದೇವಯ್ಯಗೌಡನ ಮೇಲೆ. ಒಡೆಯ ಸೇರಿದರೆ ಒಕ್ಕಲೂ ಆಳೂ ತಾವಾಗಿಯೇ ಬರುತ್ತಾರೆ ಎಂಬ ಲೆಕ್ಕಾಚಾರ ಇದರ ಹಿಂದಿದೆ ಎಂದು ನಾನು ಓದುತ್ತೇನೆ. ಮೇಗರವಳ್ಳಿಯಲ್ಲಿ ನಡೆಯಬೇಕಿದ್ದ ಆ ಮತಾಂತರ ನಡೆಯುವುದಿಲ್ಲ. ಕನ್ನಡ ವಿಮರ್ಶೆ ಈ ಪ್ರಸಂಗವನ್ನು ಬಹಳ ಸಲ ಚರ್ಚಿಸಿದೆ: ವಸಾಹತುಶಾಹಿ, ಆಧುನಿಕತೆ, ಅದೇ ಕಾಲಕ್ಕೆ ಷಿಕಾಗೋದಲ್ಲಿದ್ದ ವಿವೇಕಾನಂದ ಇತ್ಯಾದಿ.

ಚರ್ಚೆಗೆ ಬಾರದ್ದು ಇದು. ಅದೇ ಬೆಟ್ಟಳ್ಳಿಯ ಹೊಲಗೇರಿಯಿಂದ ತಿಮ್ಮಿಯನ್ನು ಹಾರಿಸಿಕೊಂಡು ಗುತ್ತಿ ಕಾಡು ದಾಟುತ್ತಿದ್ದಾನೆ. ತಿಮ್ಮಿ ಯಾರನ್ನು ಮದುವೆಯಾಗಬೇಕೆಂದು ತೀರ್ಮಾನಿಸುವವನು ಅವಳ ಅಪ್ಪನಲ್ಲ, ಒಡೆಯ ಕಲ್ಲಯ್ಯಗೌಡ. ಅವಳು ಬೇರೆ ಗೌಡರ ಆಳನ್ನು ಕಟ್ಟಿಕೊಂಡು ಹೋದರೆ ಅವನಿಗೆ ಒಂದು ಜೊತೆ ಕೈ ನಷ್ಟ, ಅವಳ ಹೊಟ್ಟೆಯಲ್ಲಿ ಹುಟ್ಟುವ ಆಳುಗಳೂ ನಷ್ಟ. ಗೆಜೆಟಿಯರಿನ ಹುಟ್ಟಾಳು ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟ ಟೀಕೆ ಬೇಕಿಲ್ಲ. ಗೌಡನ ಮಗನ ಆತ್ಮಕ್ಕಾಗಿ ಇಷ್ಟು ತಯಾರಿ ನಡೆಸಿದ ಮಿಷನ್ನು ಓಡುತ್ತಿರುವ ಈ ಇಬ್ಬರ ಮೈಗೆ ಏನು ಕೊಟ್ಟೀತು? ಒನೇಸಿಮನನ್ನು ವಾಪಸ್ಸು ಕಳಿಸಿದಂತೆ ಇವರನ್ನೂ ಕಳಿಸುತ್ತಿತ್ತೇ? ಮಳೆ, ಜಿಗಣೆ, ಪೊಲೀಸು, ಹಸಿವು ಎಲ್ಲವನ್ನೂ ಸಹಿಸಿ ಅವರು ಮುಂದೆ ಹೋಗುತ್ತಾರೆ, ತುಂಬಿದ ತುಂಗೆಯಲ್ಲಿ ನಾಯಿ ಹುಲಿಯನನ್ನು ಕಳೆದುಕೊಂಡೂ ಹೋಗುತ್ತಾರೆ. ಕಾದಂಬರಿಯಲ್ಲಿ ನಿಜವಾದ ‘ಹುಪೊಮೊನೆ’ ಇರುವುದು ಪಾದ್ರಿಯಲ್ಲೂ ಅಲ್ಲ, ದೇವಯ್ಯನಲ್ಲೂ ಅಲ್ಲ. ಅದು ಓಡಿಹೋದವರಲ್ಲಿದೆ. ಓಡುವುದೂ ತಾಳ್ಮೆಯೇ ಎಂಬ ಅರಿವು ಪೌಲನ ಪತ್ರದಲ್ಲಿ ಇರಲಿಲ್ಲ, ಕುವೆಂಪು ಅವರ ಕಾಡಿನಲ್ಲಿದೆ.

ಮಿಷನರಿಗಳೆಲ್ಲ ಮೇಲಿನವರನ್ನೇ ಹುಡುಕಿದರು ಎಂದರೆ ಅದೂ ತಪ್ಪಾಗುತ್ತದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ೧೮೫೦ರ ದಶಕದಲ್ಲಿ ಕೊಡಗಿಗೆ ಹೋಗಿ, ಅಲ್ಲಿನ ಹೊಲೆಯ ಕ್ರೈಸ್ತರಿಗಾಗಿ ಆನಂದಪುರ ಎಂಬ ನೆಲೆ ಕಟ್ಟಿದ. (ನಮ್ಮ ಸಾಗರ ತಾಲ್ಲೂಕಿನ ಆನಂದಪುರ ಬೇರೆ.) ದೇವರ ಮಾತಿನ ಜೊತೆಗೆ ನಿಲ್ಲಲು ನೆಲವೂ ಬೇಕು ಎಂದು ಅವನಿಗೆ ಹೊಳೆದಿತ್ತು. ಕಾಫಿ ತೋಟದ ಮೇಲೆ ನಿಂತ ಆ ಪ್ರಯತ್ನವನ್ನು ಬಿಟ್ಟು ೧೮೬೦ರಲ್ಲಿ ಅವನು ತನ್ನ ದೇಶಕ್ಕೆ ಮರಳಿದ. ಕನ್ನಡಿಗರು ಅವನನ್ನು ‘ಮಂಗಳೂರ ಸಮಾಚಾರ’ದ ಸಂಪಾದಕ ಎಂದು ನೆನೆಯುತ್ತಾರೆ, ಆನಂದಪುರವನ್ನು ನೆನೆಯುವುದಿಲ್ಲ. ಪತ್ರಿಕೆ ಸಾಹಿತ್ಯ ಚರಿತ್ರೆಗೆ ಸೇರುತ್ತದೆ, ಹೊಲೆಯರ ನೆಲೆ ಸೇರುವುದಿಲ್ಲ!

೪

ತಾಳ್ಮೆ ಮತ್ತು ಹೋರಾಟ ಒಂದಕ್ಕೊಂದು ಎದುರು ಎಂಬ ನಂಬಿಕೆಯನ್ನು ಮುರಿದದ್ದು ಸಾಗರ ತಾಲ್ಲೂಕಿನ ಕಾಗೋಡು. ೧೯೫೧ರಲ್ಲಿ ಅಲ್ಲಿನ ಗೇಣಿದಾರರು, ಹೆಚ್ಚಿನವರು ದೀವರು, ಗೇಣಿ ಅಳೆಯುವ ಕೊಳಗದ ಮೋಸವನ್ನು ಪ್ರಶ್ನಿಸಿ ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಏಟು ತಿಂದರೂ ಕೈ ಎತ್ತದೆ, ಜೈಲಿಗೆ ಹೋದರೂ ಬೇಡಿಕೆ ಬಿಡದೆ ನಿಂತ ಆ ಜನ ತೋರಿಸಿದ್ದೂ ತಾಳ್ಮೆಯೇ. ಬಗ್ಗಿದ ಬೆನ್ನಿನ ತಾಳ್ಮೆ ಬೇರೆ, ನೆಟ್ಟಗೆ ನಿಂತ ಬೆನ್ನಿನ ತಾಳ್ಮೆ ಬೇರೆ.

ಆದರೆ ಕಾಗೋಡಿನ ಫಲ ಎಲ್ಲಿಗೆ ಬಂದು ನಿಂತಿತು? ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಉಳುವ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಗೇಣಿಯೇ ಇಲ್ಲದೆ ಬರೀ ಕೂಲಿಯಾಗಿ, ಜೀತವಾಗಿ ಇದ್ದವನಿಗೆ ತುಂಬಲು ಅರ್ಜಿಯೇ ಇರಲಿಲ್ಲ. ೧೯೭೬ರ ಜೀತ ನಿರ್ಮೂಲನ ಕಾಯಿದೆ ಸಾಲವನ್ನು ರದ್ದು ಮಾಡಿತು, ನೆಲವನ್ನು ಕೊಡಲಿಲ್ಲ. ಶೂದ್ರನ ತಾಳ್ಮೆಗೆ ಪಹಣಿ ಸಿಕ್ಕಿತು, ದಲಿತನ ತಾಳ್ಮೆಗೆ ಗಾದೆ ಸಿಕ್ಕಿತು.

ಈ ಮಾತನ್ನು ನಾನು ಒಮ್ಮೆ ನಮ್ಮ ಕಡೆಯ ಒಬ್ಬ ಮುದುಕಿಯ ಹತ್ತಿರ ಹೇಳಿದ್ದೆ. ಪ್ರತಿ ಭಾನುವಾರ ತಪ್ಪದೆ ಪೂಜೆಗೆ ಹೋಗುವವಳು, ದೀಕ್ಷಾಸ್ನಾನವಾಗಿ ಮೂರು ತಲೆಮಾರಾದ ಮನೆಯವಳು, ಇಡೀ ಆಯುಷ್ಯ ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಸೊಪ್ಪು ಹೊತ್ತವಳು. ‘ತಾಳ್ಕೋ ಅಂತ ಯಾರ್ಗೆ ಹೇಳ್ತಾರೆ ಮಗಾ? ಹೊರೆ ಹೊತ್ತೋರ್ಗೇ ಹೇಳ್ತಾರೆ. ಹೊರ್ಸಿದೋರ್ಗೆ ಯಾರಾದ್ರೂ ಹೇಳಿದ್ದು ಕೇಳಿದೀಯಾ?’ ಅಂದಳು. ಹಾಗಾದರೆ ಇಗರ್ಜಿಗೆ ಯಾಕೆ ಹೋಗ್ತೀಯಜ್ಜಿ ಅಂತ ಕೇಳಿದೆ. ‘ಅಲ್ಲಿ ಶಿಲುಬೆ ಹೊತ್ತೋನು ಅದಾನಲ್ಲ, ಅವ್ನಿಗೆ ನನ್ ಬೆನ್ನು ನೋವು ಗೊತ್ತು’ ಅಂದಳು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ೧೯೮೧ರಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಶುರುವಾಯಿತು ಎಂದು ಪುಸ್ತಕಗಳು ಹೇಳುತ್ತವೆ. ಯೇಸುವನ್ನು ದಲಿತನಾಗಿ ಕಾಣುವುದು ಆ ದೇವಶಾಸ್ತ್ರದ ತಿರುಳು. ಪುಸ್ತಕ ಓದದ ಮುದುಕಿಗೆ ಅದು ಸೊಪ್ಪಿನ ಹೊರೆಯ ಕೆಳಗೆ ತಿಳಿದಿತ್ತು.

೫

ಈಗ ಪ್ರಭುತ್ವದ ಕಡೆ ತಿರುಗೋಣ. ೧೯೫೦ರ ಆಗಸ್ಟ್ ೧೦ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಕಲಮಿನ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. ೧೯೫೬ರಲ್ಲಿ ಸಿಖ್ಖರನ್ನು, ೧೯೯೦ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿದ್ರಾವಿಡ ಕ್ರೈಸ್ತನಿಗೆ ಸರ್ಕಾರ ಚಮ್ಮಾರರಿಗೆ ಉಚಿತವಾಗಿ ಕೊಡುತ್ತಿದ್ದ ಗೂಡಂಗಡಿ ಸಿಗಲಿಲ್ಲ. ಅವನು ಸುಪ್ರೀಂ ಕೋರ್ಟಿಗೆ ಹೋದ. ಹೊಸ ಮತದಲ್ಲೂ ಹಳೆಯ ಅಸಹಾಯಕತೆ ಅಷ್ಟೇ ತೀವ್ರವಾಗಿ ಉಳಿದಿದೆಯೆಂದು ತೋರಿಸಬೇಕು ಎಂದು ೧೯೮೫ರಲ್ಲಿ ಕೋರ್ಟು ಹೇಳಿತು. ಅದೇ ರಸ್ತೆ, ಅದೇ ಚರ್ಮ, ಅದೇ ಉಳಿ. ಇನ್ನೇನು ತೋರಿಸಬೇಕಿತ್ತು?

ರಂಗನಾಥ ಮಿಶ್ರಾ ಆಯೋಗ ೨೦೦೭ರ ವರದಿಯಲ್ಲಿ ಆ ಕಲಮನ್ನು ತೆಗೆಯಿರಿ ಎಂದಿತು. ತೆಗೆಯಲಿಲ್ಲ. ೨೦೨೨ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ರಚನೆಯಾಯಿತು, ಅದರ ಅವಧಿಯನ್ನು ಒಂದಕ್ಕಿಂತ ಹೆಚ್ಚು ಸಲ ವಿಸ್ತರಿಸಿದರು. ೨೦೨೪ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ಮತ ಆಚರಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಕರ್ನಾಟಕ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಇಟ್ಟಿದೆ. ಅಂದರೆ ಅವರಿಗೆ ಜಾತಿಯಿದೆ ಎಂದು ರಾಜ್ಯ ಅರ್ಧ ಒಪ್ಪಿದೆ. ೨೦೨೫ರ ಸಮೀಕ್ಷೆಯಲ್ಲಿ ಜಾತಿಯ ಹೆಸರಿನ ಮುಂದೆ ‘ಕ್ರೈಸ್ತ’ ಎಂದು ಸೇರಿಸಿದ್ದ ನಮೂದುಗಳಿಗೆ ವಿರೋಧ ಬಂದಾಗ ಆಯೋಗ ಅವುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೆಸರು ಮರೆಯಾದರೆ ಜನ ಮರೆಯಾಗುತ್ತಾರೆಯೇ?

ಹೀಗಾಗಿ ದಲಿತ ಕ್ರೈಸ್ತನ ಮೇಲಿರುವುದು ಮೂರು ಹೊರೆ. ಸಭೆ ‘ನಮ್ಮಲ್ಲಿ ಜಾತಿಯಿಲ್ಲ’ ಎನ್ನುತ್ತದೆ. ಪ್ರಭುತ್ವ ‘ನಿನ್ನ ಮತಕ್ಕೆ ಜಾತಿಯಿಲ್ಲ’ ಎನ್ನುತ್ತದೆ. ಊರು ಮಾತ್ರ ಅವನ ಜಾತಿಯನ್ನು ಒಂದು ದಿನವೂ ಮರೆಯುವುದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ದೀಕ್ಷಾಸ್ನಾನದಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವವನನ್ನು ಮಠದವರು ‘ಮತಾಂತರಿ’ ಅಂತಾರೆ, ಕೋರ್ಟು ‘ವಂಚಕ’ ಅನ್ನುತ್ತದೆ, ನಮ್ಮ ಸಂಘಟನೆಯ ಗೆಳೆಯರೂ ಕೆಲವೊಮ್ಮೆ ‘ಎರಡು ದೋಣಿಯಲ್ಲಿ ಕಾಲಿಟ್ಟವನು’ ಅಂತಾರೆ. ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ದಡದಲ್ಲಿ ಜಾಗ ಕೊಟ್ಟವರು ಯಾರು?

ಮಿಷನರಿಗಳು ಅಸ್ಪೃಶ್ಯರನ್ನು ಕ್ರೈಸ್ತರನ್ನಾಗಿ ಮಾಡಿದರೂ ಅವರೊಳಗಿನ ಜಾತಿಯನ್ನು ಅಳಿಸಲಿಲ್ಲ, ಅನ್ಯಾಯದ ವಿರುದ್ಧ ಎದ್ದು ನಿಲ್ಲಲು ಕಲಿಸಲಿಲ್ಲ ಎಂಬುದು ಅಂಬೇಡ್ಕರ್ ಅವರ ಟೀಕೆ. ಆ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದನ್ನು ಮಿಷನರಿಯ ಮೇಲಿನ ತೀರ್ಪಾಗಿ ಓದಬೇಕೇ ಹೊರತು ಇಗರ್ಜಿಯ ಹಿಂದಿನ ಸಾಲಿನಲ್ಲಿ ಮಂಡಿಯೂರಿದ ಕೂಲಿಯವಳ ಮೇಲಿನ ತೀರ್ಪಾಗಿ ಅಲ್ಲ. ಸವಲತ್ತು ಕಳೆದುಕೊಳ್ಳುತ್ತೇನೆಂದು ತಿಳಿದೂ ಶಿಲುಬೆಯನ್ನು ಬಿಡದವಳು ಯಾವ ಆಮಿಷಕ್ಕೆ ಒಳಗಾದವಳು? ಆಮಿಷದ ವಾದ ಅವಳ ಮುಂದೆ ನಿಲ್ಲುವುದಿಲ್ಲ, ಯಾಕೆಂದರೆ ಅವಳು ಕೊಟ್ಟದ್ದೇ ಹೆಚ್ಚು.

೬

ನಮ್ಮ ಮುಂದಿನ ಕೆಲಸ ಸಿದ್ಧಾಂತದ್ದಷ್ಟೇ ಅಲ್ಲ, ಕಾಲ್ನಡಿಗೆಯದ್ದೂ ಹೌದು. ಶಿವಮೊಗ್ಗ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತ್ಯವಾದದ್ದು ೧೯೮೮ರಲ್ಲಿ. ಅದಕ್ಕೂ ಹಿಂದಿನಿಂದ ಇಗರ್ಜಿಗಳಲ್ಲಿ ದೀಕ್ಷಾಸ್ನಾನದ, ಮದುವೆಯ, ಮಣ್ಣು ಮಾಡಿದ ರಿಜಿಸ್ಟರುಗಳನ್ನು ಬರೆದಿಡುವ ಪದ್ಧತಿಯಿದೆ. ಕಂದಾಯ ಇಲಾಖೆಯ ಪಹಣಿಯಲ್ಲಿ ಹೆಸರಿಲ್ಲದ ಜನರ ಹೆಸರು, ಅಪ್ಪ ಅಮ್ಮನ ಹೆಸರು, ತಾರೀಖು ಸಿಗಬಹುದಾದ ಜಾಗ ಅದು. ಸಾಗರ, ಹೊಸನಗರ, ತೀರ್ಥಹಳ್ಳಿಯ ವಿದ್ಯಾರ್ಥಿಗಳು ಆ ಪುಟಗಳನ್ನು ಓದಲಿ. ತೋಟದ ಲೆಕ್ಕದ ಪುಸ್ತಕಗಳಲ್ಲಿ ಆಳಿನ ಮುಂಗಡ ಎಷ್ಟೆಂದು ಬರೆದಿದ್ದರೆ ಅದನ್ನು ಪಕ್ಕದಲ್ಲಿಟ್ಟು ಓದಲಿ. ಒಂದೇ ಮನುಷ್ಯ ಒಂದು ಪುಸ್ತಕದಲ್ಲಿ ಸಾಲವಾಗಿ, ಇನ್ನೊಂದರಲ್ಲಿ ದೇವರ ಮಗನಾಗಿ ಕಂಡರೆ ನಮ್ಮ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ.

ತಾಳ್ಮೆಯನ್ನು ಬಿಡಿ ಎಂದು ನಾನು ನಮ್ಮ ಜನಕ್ಕೆ ಹೇಳಲಾರೆ. ಅದು ಅವರ ದುಡಿಮೆಯ ಆಸ್ತಿ. ಒಡೆಯನ ಬಾಯಿಂದ, ಉಪದೇಶಿಯ ಬಾಯಿಂದ ಆ ಪದವನ್ನು ಕಿತ್ತುಕೊಳ್ಳಿ ಎಂದು ಮಾತ್ರ ಹೇಳಬಲ್ಲೆ. ಹೊರೆಯ ಅಡಿಯಲ್ಲಿ ಇಷ್ಟು ಕಾಲ ಕುಸಿಯದೆ ನಿಂತವರಿಗೆ ಹೊರೆಯನ್ನು ಯಾವಾಗ ಇಳಿಸಬೇಕೆಂದು ತೀರ್ಮಾನಿಸುವ ಹಕ್ಕೂ ಇದೆ.