ಹುತ್ತದಿಂದ ಹೊರಬಂದ ಹಿಂಡು

ಸುಗ್ಗಿ ಮುಗಿದ ಮೇಲೆ ಗೋಕಾಕ ತಾಲ್ಲೂಕಿನ ಮೇಲವಂಕಿಯಂಥ ಊರುಗಳ ಹೊಲಗಳಲ್ಲಿ ಕುರಿ ಹಿಂಡು ಬೀಡುಬಿಡುವುದು ಹೊಸದೇನಲ್ಲ. ರೈತನ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು ಅಥವಾ ಹಣ. ಈ ನಂಟಿಗೂ ಒಂದು ಹುಟ್ಟಿನ ಕಥೆಯಿದೆ.

ಕುರುಬರ ಮೂಲಪುರುಷ ಉಂಡಾಡು ಪದ್ಮಣ್ಣ. ಉತ್ತರ ಕರ್ನಾಟಕದ ಡೊಳ್ಳಿನ ಹಾಡುಗಳಲ್ಲಿ ಈತನೇ ಪದ್ಮಗೊಂಡ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲೂ ಈ ಕಥೆ ಸೇರಿದೆ. ಸೌದೆ ಮಾರಿ ಬದುಕುತ್ತಿದ್ದ ಮಾಸಿ ರೆಡ್ಡಿ, ನೀಲಮ್ಮ ದಂಪತಿಗೆ ಆರು ಮಕ್ಕಳು. ಜಂಗಮನ ವೇಷದಲ್ಲಿ ಬಂದ ಶಿವ ಕೊಟ್ಟ ಭಸ್ಮದಿಂದ ಏಳನೆಯವನಾಗಿ ಪದ್ಮಣ್ಣ ಹುಟ್ಟಿದ. ಆತ ಹೊಲದ ಕೆಲಸಕ್ಕೆ ಹೋದವನಲ್ಲ. ಇದನ್ನು ಸಹಿಸದ ಅಣ್ಣಂದಿರು, ಹಾವು ಕಚ್ಚಿ ಸಾಯಲೆಂದು, ಬೀಳು ನೆಲದ ಪೊದೆಗೆ ಬೆಂಕಿ ಇಡಲು ಅವನನ್ನು ಕಳಿಸಿದರು. ಅಲ್ಲಿನ ಹುತ್ತದಲ್ಲಿ ಇದ್ದದ್ದು ಹಾವಲ್ಲ, ಲೆಕ್ಕವಿಲ್ಲದಷ್ಟು ಕುರಿ! ಬೆದರಿ ಓಡಿದವನನ್ನು ಶಿವನೇ ತಡೆದು, ಹಾಲು ಕರೆಯುವುದನ್ನು, ಕಾಯಿಸುವುದನ್ನು ಕಲಿಸಿದ.

ಹಾಲು ಕಾಯಿಸಲು ಬೆಂಕಿ ಬೇಕಲ್ಲ? ಅದನ್ನು ತರಲು ಪದ್ಮಣ್ಣ ರಾಕ್ಷಸರ ಊರಿಗೆ ಹೋದ. ಅಲ್ಲಿ ಸೆರೆಯಲ್ಲಿದ್ದ ಬ್ರಾಹ್ಮಣ ಕನ್ಯೆ ಅವನನ್ನು ಹಲ್ಲಿಯಾಗಿ ಮಾರ್ಪಡಿಸಿ ಕಾಪಾಡಿದಳು, ಅವನೊಂದಿಗೇ ಬಂದಳು. ಮುಂದೆ ಪದ್ಮಣ್ಣ ಸ್ವಜಾತಿಯವಳನ್ನೂ ಮದುವೆಯಾದ. ಮಕ್ಕಳ ಮದುವೆಯಲ್ಲಿ ಸ್ವಜಾತಿಯವಳ ಮಕ್ಕಳಿಗೆ ಹತ್ತಿಯ ಕಂಕಣ, ಕಾಪಾಡಿದವಳ ಮಕ್ಕಳಿಗೆ ಉಣ್ಣೆಯ ಕಂಕಣ ಕಟ್ಟಿದರು. ಹತ್ತಿಕಂಕಣ, ಉಣ್ಣೆಕಂಕಣ ಎಂಬ ಒಳಪಂಗಡಗಳು ಹೀಗೆ ಹುಟ್ಟಿದವು. ಉಣ್ಣೆಯವರು ಮಿಶ್ರ ಸಂತಾನವಾದ್ದರಿಂದ ಕೆಳಗಿನವರು ಎನ್ನುತ್ತದೆ ಥರ್ಸ್ಟನ್ನನ ದಾಖಲೆ.

ನೆಲದೊಳಗಿಂದ ಬದುಕು ಮೇಲೇಳುವ ಕಲ್ಪನೆ ದೂರದ ಅಮೆರಿಕದಲ್ಲೂ ಇದೆ. ಹಿಕರಿಯಾ ಅಪಾಚೆ ಜನರ ಕಥೆಯನ್ನು ಜೇಮ್ಸ್ ಮೂನಿ 1898ರಲ್ಲಿ ಪ್ರಕಟಿಸಿದ. ಅದರಂತೆ ಮನುಷ್ಯರೂ ಪ್ರಾಣಿಗಳೂ ಮೊದಲು ಪಾತಾಳದಲ್ಲಿದ್ದರು. ಕಾಡೆಮ್ಮೆಗಳು ಕೊಟ್ಟ ಕೊಂಬಿನ ಏಣಿ ಏರಿ ಮೇಲೆ ಬಂದರು. ಆ ಭಾರಕ್ಕೇ ನೆಟ್ಟಗಿದ್ದ ಕೊಂಬು ಬಾಗಿತಂತೆ. ಅಪಾಚೆಗಳಿಗೆ ಬೇಟೆಯ ಕಾಡೆಮ್ಮೆ, ಕುರುಬರಿಗೆ ಕುರಿ. ಅನ್ನ ಕೊಡುವ ಪ್ರಾಣಿಗೆ ಕಥೆಯಲ್ಲಿ ಮೊದಲ ಮಣೆ.

ಇಂಥ ಕಥೆಗಳನ್ನು ಇಸವಿ ಹಚ್ಚಿ ಓದಲಾಗದು. ಆದರೆ ಕಟ್ಟುಕಥೆಯೆಂದು ತಳ್ಳುವುದೂ ಸರಿಯಲ್ಲ. ಒಕ್ಕಲುತನ, ಕುರಿಗಾರಿಕೆ ಒಂದೇ ಮನೆಯ ಕಸುಬುಗಳು ಎಂಬ ತಿಳಿವಳಿಕೆ ಪದ್ಮಣ್ಣನ ಕಥೆಯಲ್ಲಿದೆ. ಜೊತೆಗೆ ಮೇಲುಕೀಳಿನ ಸಮರ್ಥನೆಯೂ ಇದೆ. ಬರೆದುಕೊಂಡ ಕಾಲವನ್ನೂ ಮರೆಯುವಂತಿಲ್ಲ. 1901ರ ಜನಗಣತಿ ಜಾತಿಗಳನ್ನು ಸಾಮಾಜಿಕ ಅಂತಸ್ತಿನಂತೆ ಸಾಲಾಗಿ ನಿಲ್ಲಿಸಲು ಹೊರಟಿತ್ತು. ಆಗ ಯಾವ ಜಾತಿಗಾದರೂ ತನ್ನ ಮೂಲದ ಕಥೆ ಬರಿಯ ಕಥೆಯಾಗಿ ಉಳಿದಿರಲಿಲ್ಲ; ಅದು ಅಂತಸ್ತಿನ ದಾಖಲೆಯೂ ಆಗಿತ್ತು.

ಹಾಡಿನಲ್ಲಿ ಕಥೆ ಊರಿಂದೂರಿಗೆ ಬದಲಾಗುತ್ತದೆ. ಅಚ್ಚಾದದ್ದು ಹಾಗೇ ನಿಲ್ಲುತ್ತದೆ. ದೇವರ ಗದ್ದುಗೆಗೆ ಕಂಬಳಿಯನ್ನೇ ಹಾಸುವ ಕುಲದಲ್ಲಿ ಉಣ್ಣೆಯ ಕಂಕಣ ಕೀಳಾದದ್ದು ಹೇಗೆ? ಪದ್ಮಣ್ಣನ ಜೀವ ಉಳಿಸಿದವಳ ಮಕ್ಕಳ ಪರವಾಗಿ ಈ ಪ್ರಶ್ನೆ ಇನ್ನೂ ಉಳಿದಿದೆ.