ಆವೇಶದ ಮನೆತನ

ಪದಗಳ ಬೆನ್ನುಹತ್ತಿದ ನಮ್ಮಂಥವರಿಗೆ ತುಮಕೂರು ರಸ್ತೆಯ ಫಲಕಗಳೇ ಒಂದು ನಿಘಂಟು. ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ ಉದ್ಯಮಿಗಳ ಸಮಾವೇಶ, ಕಾರ್ಖಾನೆಯ ಗೇಟಿನ ಮೇಲೆ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’, ಮಾಕಳಿಯ ಆಚೀಚೆ ‘ನಿವೇಶನಗಳು ಮಾರಾಟಕ್ಕಿವೆ’, ಆ ನಿವೇಶನ ಕೊಂಡವರ ಬಾಗಿಲಲ್ಲಿ ಗೃಹಪ್ರವೇಶದ ತೋರಣ: ಇವೆಲ್ಲ ‘ವಿಶ್’ ಎಂಬ ಒಂದೇ ಧಾತುವಿನ ಸಂತಾನ. ಧಾತುಪಾಠ ಇದಕ್ಕೆ ಕೊಡುವ ಅರ್ಥ ‘ಪ್ರವೇಶನ’. ತಾಯಿಯ ಗುರುತನ್ನು ಮಗಳ ಹೆಸರಿನಿಂದಲೇ ಹೇಳಿದಂತಾಯಿತು. ಹಳಗನ್ನಡದ ‘ಪೊಗು’, ಆಮೇಲಿನ ‘ಹೊಗು’, ಇವತ್ತಿನ ‘ಹೊಕ್ಕುಬಳಕೆ’ಯಲ್ಲಿ ಉಳಿದುಕೊಂಡ ‘ಹೊಕ್ಕು’, ಇವು ಅದಕ್ಕೆ ನಮ್ಮ ಕಡೆಯ ಸಾಟಿ. ಈ ಮನೆತನದಲ್ಲಿ ಮುಂಗೋಪಿ ಎಂದು ಹೆಸರು ಕೆಡಿಸಿಕೊಂಡವನು ಒಬ್ಬನೇ, ಆವೇಶ.

ಮನೆತನವೇನೋ ಸೌಮ್ಯವಾದದ್ದು. ವೇದದಲ್ಲಿ ‘ವಿಶ್’ ಎಂದರೆ ನೆಲೆಯೂರಿದ ಜನ. ಅಲ್ಲಿಂದಲೇ ವೈಶ್ಯ, ಅಲ್ಲಿಂದಲೇ ಮಹಾಭಾರತದಲ್ಲಿ ರಾಜನನ್ನು ಕರೆಯುವ ‘ವಿಶಾಂಪತಿ’, ಅಲ್ಲಿಂದಲೇ ಮನೆ ಎಂಬರ್ಥದ ‘ವೇಶ್ಮ’. ಗ್ರೀಕರ ‘ಓಯ್ಕೋಸ್’, ಲ್ಯಾಟಿನ್ನಿನ ‘ವೀಕುಸ್’ ಇದರ ದೂರದ ದಾಯಾದಿಗಳು. ‘ನಿವೇಶ’ ಒಂದು ಕಾಲಕ್ಕೆ ಸೈನ್ಯದ ಬೀಡೂ ಆಗಿತ್ತು, ಈಗ ಅದರ ತಮ್ಮ ‘ನಿವೇಶನ’ ಮೂವತ್ತು–ನಲವತ್ತರ ಸೈಟಾಗಿದೆ. ‘ಅಧಿವೇಶನ’ ಬೆಳಗಾವಿಗೆ ಹೋಗಿ ಬರುತ್ತದೆ. ‘ಅಭಿನಿವೇಶ’ ಯೋಗಶಾಸ್ತ್ರದ ಪಂಚಕ್ಲೇಶಗಳಲ್ಲಿ ಕೊನೆಯದು, ಬದುಕಿಗೆ ಅಂಟಿಕೊಳ್ಳುವ ಹಟ.

‘ಆವೇಶ’ಕ್ಕೂ ಮೊದಲಿಗೆ ಸಿಟ್ಟಿನ ಸೋಂಕಿರಲಿಲ್ಲ. ಒಳಹೊಕ್ಕು ವ್ಯಾಪಿಸುವುದು, ಅಷ್ಟೇ. ಯೋಗಿಯ ಚಿತ್ತ ಪರಶರೀರವನ್ನು ಹೊಗುವುದನ್ನು ಪತಂಜಲಿ ಹೇಳಿದ್ದು ಈ ಪದದಿಂದಲೇ, ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ‘ಆವಿಷ್ಟ’ನಾಗುವುದು ಕೋಪದಿಂದಲ್ಲ, ಕೃಪೆಯಿಂದ, ದೈವಾಂಶ ಒಂದು ಕಾರ್ಯಕ್ಕಾಗಿ ಒಬ್ಬನನ್ನು ಹೊಕ್ಕು, ಮುಗಿದ ಮೇಲೆ ಬಿಟ್ಟುಹೋದರೆ ವೈಷ್ಣವರು ಅದನ್ನು ಆವೇಶಾವತಾರ ಎಂದರು. ಊರ ಮಾತಿನಲ್ಲಿ ಇದೇ ‘ಮೈಮೇಲೆ ಬರೋದು’, ‘ಮೈದುಂಬೋದು’, ಕೆಟ್ಟದ್ದಾದರೆ ‘ಮೆಟ್ಟಿಕೊಳ್ಳೋದು’. ಹೊಕ್ಕವರು ಕಣ್ಣಿಗೆ ಬೀಳುವುದಿಲ್ಲ, ಮೈ ಅದುರುವುದಷ್ಟೇ ಕಾಣುತ್ತದೆ. ನೋಡಿದ ಜನ ಕಾರಣದ ಹೆಸರನ್ನು ಕಾರ್ಯಕ್ಕೆ ಅಂಟಿಸಿದರು. ಹೀಗೆ ಜಾರುತ್ತ ಆವೇಶ ಎಂದರೆ ಉದ್ರೇಕ, ಕೂಗಾಟ, ಕಡೆಗೆ ರಾಜಕಾರಣಿಯ ‘ಆವೇಶಭರಿತ ಭಾಷಣ’ ಎಂದಾಯಿತು.

ಅಷ್ಟರಲ್ಲಿ ಭೌತಶಾಸ್ತ್ರದ ಪಠ್ಯಗಳು ಇದನ್ನು ಕರೆದು ‘ವಿದ್ಯುದಾವೇಶ’ ಎಂಬ ಕೆಲಸ ಕೊಟ್ಟವು: ಧನಾವೇಶ, ಋಣಾವೇಶ, ಆವಿಷ್ಟ ಕಣ. ಪೀಣ್ಯದ ಶೆಡ್ಡುಗಳಲ್ಲಿ ನಡೆಯುವುದು ಮಾತ್ರ ‘ಚಾರ್ಜ್’. ಅದೂ ಬಹುರೂಪಿ: ಮೊಬೈಲಿಗೆ ಚಾರ್ಜ್, ಬಸ್ ಚಾರ್ಜ್, ಲಾಠಿ ಚಾರ್ಜ್, ಚಾರ್ಜ್‌ಶೀಟ್, ಹೊಸ ಅಧಿಕಾರಿ ‘ಚಾರ್ಜ್ ತಗೊಂಡ’. ಅದರ ಮೂಲ ಲ್ಯಾಟಿನ್ನಿನ ಬಂಡಿ. ಬಂಡಿಗೆ ಹೇರಿದ ಹೊರೆಯೇ ಚಾರ್ಜ್. ಅವರಿಗೆ ಹೊರೆಯಾಗಿ ತೋರಿದ್ದು ನಮಗೆ ಹೊಕ್ಕದ್ದಾಗಿ ತೋರಿತು.

ಯಾವುದು ಸಮಂಜಸ? ಒಂದು ಯಂತ್ರದಲ್ಲಿ ಒರೆಹಚ್ಚಿ ನೋಡೋಣ. ಮಾಕಳಿಯ ವಿಳಾಸ ಹಿಮಾಲಯ ಕಂಪನಿಯ ಔಷಧಿ ಶೀಶೆಗಳ ಮೇಲೆ ಅಚ್ಚಾಗಿ ದೇಶವಿಡೀ ತಿರುಗುತ್ತದಷ್ಟೆ. ಶೀಶೆ, ಡಬ್ಬಿಗಳ ಮೇಲೆ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಬರೆಯಲು ಕಾರ್ಖಾನೆಗಳು ಬಳಸುವ ಒಂದು ಬಗೆಯ ಇಂಕ್‌ಜೆಟ್ ಯಂತ್ರವುಂಟು. ಅದರ ವಿದ್ಯೆಯನ್ನು 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ರೂಪಿಸಿದರು. ಮೂತಿಯಿಂದ ಸೆಕೆಂಡಿಗೆ ಹತ್ತಾರು ಸಾವಿರ ಶಾಯಿಹನಿಗಳು ಹೊರಡುತ್ತವೆ. ಧಾರೆಯಿಂದ ಕಳಚುವ ಗಳಿಗೆಯಲ್ಲೇ ಬೇಕಾದ ಹನಿಗೆ ಬೇಕಾದಷ್ಟು ಆವೇಶ ತುಂಬುತ್ತದೆ. ಆಮೇಲೆ ಅವು ಸಾವಿರಾರು ವೋಲ್ಟಿನ ಎರಡು ಫಲಕಗಳ ನಡುವೆ ಹಾಯುತ್ತವೆ. ಅಲ್ಲಿನ ಕ್ಷೇತ್ರ ಹೆಚ್ಚುಕಡಿಮೆ ಏಕರೂಪದ್ದು, ಆದ್ದರಿಂದ ಬಲವೂ ಒಂದೇ ಸಮನೆ: ಆವೇಶ ಗುಣಿಸು ಕ್ಷೇತ್ರಬಲ. ಮುನ್ನುಗ್ಗುವ ವೇಗ ಇದ್ದಂತೆಯೇ ಇದ್ದು, ಅಡ್ಡಕ್ಕೆ ಮಾತ್ರ ವೇಗ ಏರುತ್ತ ಹೋಗಿ, ಹನಿಯ ದಾರಿ ಪರವಲಯವಾಗಿ ಬಾಗುತ್ತದೆ. ಆವೇಶ ಹೆಚ್ಚಿದ್ದ ಹನಿ ಹೆಚ್ಚು ಬಾಗುತ್ತದೆ, ಕಡಿಮೆಯಿದ್ದದ್ದು ಕಡಿಮೆ. ಏನೂ ಇಲ್ಲದ್ದು ನೆಟ್ಟಗೆ ಹೋಗಿ ಎದುರಿನ ನಳಿಗೆಗೆ ಬಿದ್ದು ಮರಳಿ ಶಾಯಿತೊಟ್ಟಿ ಸೇರುತ್ತದೆ. ಬಾಗಿದ ಹನಿಗಳು ಅಕ್ಷರದ ಎತ್ತರವನ್ನು, ಕನ್ವೇಯರ್ ಮೇಲೆ ಸರಿಯುವ ಶೀಶೆ ಅದರ ಅಗಲವನ್ನು ಕೊಡುತ್ತವೆ.

ಇಲ್ಲಿ ಉದ್ರೇಕವೆಲ್ಲಿ? ಆವಿಷ್ಟವಾದ ಹನಿಯೇ ಎಲ್ಲಕ್ಕಿಂತ ವಿಧೇಯ. ಒಳಗೆ ಹೊಕ್ಕದ್ದು ಕಾಣದು, ಹೊರಗಿನ ಕ್ಷೇತ್ರ ಅದನ್ನು ಹಿಡಿದು ನಡೆಸುತ್ತದೆ, ಕಾರ್ಯ ಮುಗಿದರೆ ಅದು ಬಿಟ್ಟುಹೋಗುತ್ತದೆ: ಆಡುಮಾತು ಕಳೆದುಕೊಂಡ ಹಳೆಯ ಅರ್ಥವನ್ನು ವಿಜ್ಞಾನ ಹೀಗೆ ಕಾಪಾಡಿದೆ. ಒಂದು ತಕರಾರು ಉಳಿಯುತ್ತದೆ. 1897ರಲ್ಲಿ ಜೆ. ಜೆ. ಥಾಮ್ಸನ್ ಇಂಥದೇ ಫಲಕಗಳ ನಡುವೆ ಬಾಗಿಸಿದ ಎಲೆಕ್ಟ್ರಾನಿಗೆ ಆವೇಶ ಎಲ್ಲಿಂದಲೋ ಬಂದು ಹೊಕ್ಕದ್ದಲ್ಲ, ಬಿಟ್ಟುಹೋಗುವಂಥದೂ ಅಲ್ಲ; ಅದರ 1.602×10⁻¹⁹ ಕೂಲಂಬ್ ಹುಟ್ಟುಗುಣ. ಶಾಯಿಹನಿಗೆ ಹೊಂದುವಷ್ಟು ಪದ ಅದಕ್ಕೆ ಹೊಂದುವುದಿಲ್ಲ. ಆದರೂ ‘ಹೊರೆ’ಗಿಂತ ‘ಹೊಕ್ಕದ್ದು’ ಮೇಲು. ಹೊರೆಯನ್ನು ಬಂಡಿ ಹೊರುತ್ತದೆ, ಆವೇಶವಾದರೋ ತಾನು ಹೊಕ್ಕವನನ್ನೇ ನಡೆಸುತ್ತದೆ. ಶಾಲೆಯ ಮಕ್ಕಳು ‘ಆವಿಷ್ಟ ಕಣ’ವನ್ನು ಕಷ್ಟದ ಪದವೆಂದು ದೂರಿದರೆ ಅದನ್ನು ಬದಲಿಸಬೇಕಾಗಿಲ್ಲ, ಪ್ರವೇಶ–ನಿವೇಶನಗಳ ಪಕ್ಕದಲ್ಲಿ ಒಮ್ಮೆ ಬರೆದು ತೋರಿಸಿದರೆ ಸಾಕು.