ಯೆಜ್ಡಿ: ಹಿಂಬದಿ ಚೈನ್ ಕವರಿನ ಎಣ್ಣೆ ಸೋರಿಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ಹಿಂಚಕ್ರದ ಚೈನು ಪೂರ್ತಿ ಮುಚ್ಚಿದ ಕವರಿನೊಳಗೆ ಓಡುತ್ತದೆ. ಕವರಿನ ತಳದಿಂದ ಎಣ್ಣೆ ತೊಟ್ಟಿಕ್ಕಿದರೆ ಚೈನಿನ ಗ್ರೀಸು ಕರಗಿತೆಂದು ಸುಮ್ಮನಾಗುವವರೇ ಹೆಚ್ಚು. ಗ್ರೀಸಾದರೆ ಕಪ್ಪಗೆ ಅಂಟಿಕೊಂಡಿರುತ್ತದೆ. ತೆಳ್ಳಗೆ ಹರಿಯುವುದು ಸಾಮಾನ್ಯವಾಗಿ ಗೇರ್‌ಬಾಕ್ಸಿನ ಎಣ್ಣೆ, ಮುಂದಿನ ಸ್ಪ್ರಾಕೆಟ್ಟಿನ ಹಿಂದಿರುವ ಆಯಿಲ್ ಸೀಲು ಸವೆದು ಹೊರಬಂದದ್ದು. ಒರೆಸಿ ಒಣಗಿಸಿ, ಸುಮಾರು 16 ಕಿ.ಮೀ. ಓಡಿಸಿ ನೋಡಿದರೂ ಸಾಕು, ಸ್ಪ್ರಾಕೆಟ್ಟಿನ ಬುಡವೇ ಮೊದಲು ಒದ್ದೆಯಾಗಿರುತ್ತದೆ. ಹೊಸ ಸೀಲೊಂದೇ ಸಾಲದು: ಸೀಲಿನ ಅಂಚು ಉಜ್ಜುವ ಕಾಲರಿನಲ್ಲಿ ಉಗುರಿಗೆ ಸಿಗುವಷ್ಟು ಗೀರಿದ್ದರೆ ಅದನ್ನೂ ಬದಲಿಸಬೇಕು. ಸೋರಿದರೆ ಚೈನಿಗೇ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ಆದರೆ ಪ್ರೈಮರಿ ಚೈನು, ಕ್ಲಚ್ಚು, ಗೇರು ಮೂರಕ್ಕೂ ಆ ಎಣ್ಣೆಯೇ ಗತಿ. ಹಿಂಚಕ್ರದ ಚೈನು ಅತಿ ಬಿಗಿಯಿದ್ದರಂತೂ ಸ್ಪ್ರಾಕೆಟ್ಟಿನ ಶಾಫ್ಟು ಜಗ್ಗಿ ಹೊಸ ಸೀಲೂ ಬೇಗ ಹೋಗುತ್ತದೆ.